ಕಂಪ್ಯೂಟರಿಗೆ ಉಬ್ಬಸ

ಕಂಪ್ಯೂಟರು ಬಂದದ್ದೇ ತಡ, ನಮ್ಮ ಸೋದರಮಾವ ತಮ್ಮ ಆರ್ಕೆಸ್ಟ್ರಾದವರನ್ನೆಲ್ಲ ಮನೆಗೆ ಕಳಿಸಿಬಿಟ್ಟರು ಎಂಬುದು ಗುಂಡ್ಲುಪೇಟೆಯವರ ವಾದ. ಖಡಾಖಂಡಿತವಾಗಿ ವಿರೋಧಿಸುತ್ತೇನೆ! ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಹೀಗೆ ವಾದಿಸಿದ್ದರೆ ಮೊದಲ ಗಂಟೆ ಬಾರಿಸುತ್ತಲೇ ವೇದಿಕೆಯಿಂದ ಕೆಳಗಿಳಿಸುತ್ತಿದ್ದರು. ಆರ್ಕೆಸ್ಟ್ರಾ ಮುಚ್ಚಿದ ಮೇಲೆ ತಾನೇ ಕಂಪ್ಯೂಟರು ಬಂದದ್ದು? ಹುಟ್ಟದ ಕೂಸಿನ ಮೇಲೆ ಕಳ್ಳತನದ ಕೇಸು ಹಾಕಿದರೆ ಹೇಗೆ?

ಮುಚ್ಚಿದ್ದು ಅದರ ಗಾಯಕಿಯಾಗಿದ್ದ ಅತ್ತೆ ಹಾಡು ಬಿಟ್ಟದ್ದರಿಂದ. ತೆರಕಣಾಂಬಿಯ ಮದುವೆಯೊಂದರಲ್ಲಿ ಅತ್ತೆ ಪಲ್ಲವಿ ಎತ್ತಿಕೊಳ್ಳುವುದು ಚೂರು ತಡವಾಯಿತು. ಮಾವ ಮೈಕಿನಲ್ಲೇ, "ತಾಳ ಗೊತ್ತಿಲ್ದೋರು ಯಾಕಮ್ಮಿ ಹಾಡಕ್ಕೆ ಬರ್ತೀರಿ?" ಎಂದುಬಿಟ್ಟರು. ಅತ್ತೆ ಮೈಕನ್ನು ಕುರ್ಚಿಯ ಮೇಲಿಟ್ಟು ಇಳಿದರು. ಆಮೇಲೆ ಅವರು ಗುನುಗಿದ್ದನ್ನೂ ಯಾರೂ ಕೇಳಿಲ್ಲ.

ಹಾಗೆಂದು ಮಾವನ ತಲೆ ನೆಟ್ಟಗಿದೆ ಎಂದು ನಾನು ವಾದಿಸುತ್ತಿಲ್ಲ. ಅಷ್ಟು ದೊಡ್ಡ ಸುಳ್ಳು ನನ್ನಿಂದಾಗದು! ಅವರ ಸಾಫ್ಟ್‌ವೇರಿನಲ್ಲಿ ನಿಜವಾದ ಕಲಾವಿದರು ನುಡಿಸಿದ ಕೊಳಲು, ತಬಲಾ, ಪಿಟೀಲು ಚೂರುಚೂರಾಗಿ ತುಂಬಿವೆ. ಜೋಡಿಸಿದರೆ ಹಾಡುವವರಿಗೆ ಹಿಮ್ಮೇಳದ ಟ್ರ್ಯಾಕ್ ಸಿದ್ಧ. ಮಾವ ಪರದೆಯೊಳಗಿನವರನ್ನೂ ಗದರುತ್ತಾರೆ: "ನಿಧಾನ ಕಣ್ಲಾ ತಬಲಾ! ಬಸ್ಸು ಒಂಟೋಯ್ತದಾ?"

ಒಂದು ಮಧ್ಯಾಹ್ನ ಅತ್ತೆ ಸೌಟು ಹಿಡಿದೇ ಓಡಿ ಬಂದರು. "ಯಾರ್ಲಾ ಏದುಸ್ರು ಬುಡ್ತಿರೋದು? ನಿಮ್ಮಾವನಿಗೇನಾಯ್ತು?"

ಮಾವ ಬೀಗಿದರು. "ಕೊಳಲಿನೋನು ಉಸ್ರು ತಗಂಡ ಕಣಮ್ಮಿ. ಅದೂ ರೆಕಾರ್ಡ್ ಆಗದೆ. ನಿಜವಾದ ಮನ್ಸ!"

"ಕಂಪ್ಯೂಟರ್‌ಗೂ ಉಬ್ಬಸ ತರಿಸ್ಬುಟ್ರಾ? ಆಡುಸೋಗೆ ಕಷಾಯ ಕಾಯಿಸ್ಲಾ?"

ಚಾಮರಾಜನಗರದ ಮದುವೆಯೊಂದರಲ್ಲಿ ಮಾವನ ಸಿ.ಡಿ. ಹಾಕಿದರು. ಗಾಯಕ ಬಾಯಿ ತೆರೆದ, ಕೊಳಲು ಬಂತು. ಮುಚ್ಚಿದ, ಪಿಟೀಲು. ಮತ್ತೆ ತೆರೆದ, ಮತ್ತೆ ಕೊಳಲು! ಗಂಡು-ಹೆಣ್ಣು ಊಟಕ್ಕೆದ್ದರೂ ಪಲ್ಲವಿಯ ಸುಳಿವಿಲ್ಲ. ಬಂದಾಗ ಶ್ರುತಿ ಚಪ್ಪರದ ಎತ್ತರದಲ್ಲಿತ್ತು. ಅದನ್ನು ಹಿಡಿಯಲು ಹೋಗಿ ಅವನು ಹೊರಡಿಸಿದ ಸದ್ದಿಗೆ ಯಾರದೋ ಕಂಕುಳಿನ ಮಗು ಕಿಟಾರನೆ ಕಿರುಚಿತು. ಆ ಚಪ್ಪರದಲ್ಲಿ ಶ್ರುತಿ ಸೇರಿದ್ದು ಅದೊಂದೇ!

"ಮಾವ, ಹಾಡಿಗೆ ಮುಂಚೆ ಅಷ್ಟುದ್ದ ಮ್ಯೂಸಿಕ್ ಯಾಕೆ? ಎಲ್ಲಾನೂ ಹೆಂಗಸರ ಶ್ರುತೀಲೇ ಯಾಕೆ?" ಎಂದು ಪಾಟೀಸವಾಲು ಹಾಕಿದೆ.

ಮಾವ ಪರದೆಯಿಂದ ಕಣ್ಣೆತ್ತಲಿಲ್ಲ. "ಇರ್ಲಿ ಬುಡ್ಲಾ. ಹಾಡೋರ್ಗೆ ಅವಸ್ರ ಆಗಬಾರ್ದು. ಯಾವಾಗ ಸೇರ್ಕಂಡ್ರೂ ಆಯ್ತದೆ."

ನಾನು ಅತ್ತೆಯಿದ್ದ ಅಡುಗೆಮನೆಯ ಕಡೆ ತಿರುಗಿ ನೋಡಿದೆ.

ಮೊನ್ನೆ ಮಾವ ಅದೇ ಟ್ರ್ಯಾಕ್ ಹಾಕಿ, ಎಲೆ-ಅಡಿಕೆ ತರುವ ನೆಪದಲ್ಲಿ ಹೊರಗೆ ಹೋದರು. ಹೊಸ್ತಿಲ ಬಳಿ ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಕೊಳಲು ನಿಂತು ಬರೀ ಪಿಟೀಲು, ತಬಲಾ ಸುತ್ತು ಹೊಡೆಯುತ್ತಿದ್ದವು. ಪಲ್ಲವಿಯ ಜಾಗ ಹತ್ತಿರವಾಯಿತು. ಸೊಪ್ಪಿನ ಮೇಲಿನ ಬೆರಳು ನಿಂತವು. ಯಾರೋ ಎದೆತುಂಬ ಉಸಿರೆಳೆದುಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು.

ಪಿಟೀಲಿಗೂ ತಬಲಾಕ್ಕೂ ಉಸಿರು ಬೇಕಿಲ್ಲವಲ್ಲ. ಹಾಗಾದರೆ, ಅತ್ತೆ, ಆ ಉಸಿರು ಯಾರದು?