ಮಹಾದೇವಪ್ಪನವರ ತಂತಿ

ತಾವು ಆಡಿದ ಮಾತು ಒಬ್ಬರಿಗಾದರೂ ತಿಳಿಯಬೇಕು ಎಂಬ ಆಸೆಯೊಂದನ್ನು ಬಿಟ್ಟರೆ ಮಹಾದೇವಪ್ಪನವರಿಗೆ ಬೇರೆ ಯಾವ ದುರಭ್ಯಾಸವೂ ಇರಲಿಲ್ಲ. ಕಲಬುರಗಿಯ ಒಂದು ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದರು. ಹುಡುಗರು ಹಾಜರಿ ಹೇಳಿ ಹಿಂದಿನ ಬಾಗಿಲಿನಿಂದ ಜಾರಿಕೊಳ್ಳುತ್ತಿದ್ದರು. (ಮುಂದಿನ ಬಾಗಿಲಿನಿಂದ ಹೋಗುವಷ್ಟು ಅಮರ್ಯಾದೆ ಯಾರೂ ತೋರಿಸಿರಲಿಲ್ಲ, ಪಾಪ.) ಹೀಗಿರುವಾಗ ೧೯೯೮ರಲ್ಲಿ, ಹೆಂಡತಿಯ ತವರೂರಾದ ಕಮಲಾಪುರದ ವಾಚನಾಲಯದವರು ರವಿವಾರ ಹತ್ತಕ್ಕೆ ಉಪನ್ಯಾಸ ಕೊಡಲು ಕರೆದುಬಿಟ್ಟರು. ಮಹಾದೇವಪ್ಪ ಆರಿಸಿಕೊಂಡ ವಿಷಯ ತಂತಿ ಸಿದ್ಧಾಂತ.

ಶನಿವಾರ ಅಡುಗೆಮನೆಯಲ್ಲೇ ತಾಲೀಮು ನಡೆಯಿತು.

“ಇಡೀ ಜಗತ್ತು ಸಣ್ಣ ಸಣ್ಣ ತಂತಿ ನಡುಗೂದರಿಂದ ಆಗ್ಯದ. ಒಟ್ಟು ಹತ್ತು ಆಯಾಮ. ಉದ್ದ, ಅಗಲ, ಎತ್ತರ, ಕಾಲ. ಉಳಿದ ಆರು ಸುರುಳಿ ಸುತ್ತಿಕೊಂಡು ಕುಂತಾವ. ಇದ್ದರೂ ಕಾಣಂಗಿಲ್ಲ.”

“ನಿಮ್ಮ ಪ್ರಮೋಷನ್ ಇದ್ದಂಗ,” ಎಂದಳು ಹೆಂಡತಿ ಪುತಳಾಬಾಯಿ, ರೊಟ್ಟಿ ಬಡಿಯುತ್ತ.

“ನಾವೆಲ್ಲ ಒಂದು ಪೊರೆಗೆ ಅಂಟಿಕೊಂಡೀವಿ. ಅದನ್ನ ಬಿಟ್ಟು ಹೊರಗ ಹೋಗಾಕ ಬರಂಗಿಲ್ಲ.”

“ಹಾಲಿನ ಕೆನಿಗಿ ಇರುವಿ ಅಂಟಿದಂಗ?”

ಮಹಾದೇವಪ್ಪನವರ ಕಣ್ಣಲ್ಲಿ ನೀರಾಡಿತು. “ಹೌದು! ಹಂಗೇ! ನಿನಗ ತಿಳೀತು!”

“ಏನ್ ತಿಳಿಯೂದ್ರಿ, ಹಾಲಾಗ ಇರುವಿ ಬಿದ್ದಾವ. ಸೋಸಿ ಕುಡೀರಿ.”

ಅತ್ತೆ ಭೀಮಬಾಯಿಯೂ ಸಭೆಗೆ ಬರಲಿ ಎಂದು, ರವಿವಾರ ಬೆಳಿಗ್ಗೆ ಕಮಲಾಪುರಕ್ಕೆ ಹೊರಟಿದ್ದ ಟೆಂಪೊ ಖಂಡೆಪ್ಪನ ಕೈಯಲ್ಲಿ ಹೇಳಿ ಕಳಿಸಿದರು. ಖಂಡೆಪ್ಪ ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ, ಟೆಂಪೊವನ್ನೂ ನಿಲ್ಲಿಸದೆ ಕೂಗಿ ಹೋದ: “ಬಾಯೀ, ಕಲಬುರಗಿ ಮಾಸ್ತರರ ತಂತಿ ಅದ! ಎಲ್ಲಾರೂ ಬರಬೇಕಂತ!”

ಆ ಓಣಿಯಲ್ಲಿ ತಂತಿ ಎಂದರೆ ಒಂದೇ ಅರ್ಥ. ಯಾರೂ ಸಾಯದೆ ಅಂಚೆಯವನು ತಂತಿ ತಂದದ್ದನ್ನು ಅಲ್ಲಿ ಯಾರೂ ಕಂಡಿಲ್ಲ.

ಇತ್ತ ಮಹಾದೇವಪ್ಪ ಹತ್ತಿದ ಬಸ್ಸು ಮಹಾಗಾಂವದಲ್ಲಿ ಕೆಟ್ಟು ನಿಂತಿತು. ಕಮಲಾಪುರ ಮುಟ್ಟುವಾಗ ಹನ್ನೆರಡು. ಅತ್ತೆಯ ಮನೆಯಿಂದ ಹಾಡಿಕೊಂಡು ಅಳುವ ದನಿ ಬರುತ್ತಿತ್ತು. ಯಾರು ಹೋದರೋ! ಮುಂದೆ ಜನ ಕಿಕ್ಕಿರಿದಿದ್ದರಿಂದ ಹಿತ್ತಿಲ ಬಾಗಿಲಿಗೆ ಓಡಿದರೆ, ಒಳಗೆ ಅತ್ತೆ ಅಳುತ್ತಿದ್ದದ್ದು ತಮ್ಮದೇ ಹೆಸರು ಹಿಡಿದು!

ಮರ್ಯಾದಸ್ಥನಾದವನು ಕೂಡಲೇ ಒಳಗೆ ಹೋಗಬೇಕಿತ್ತು. ಆದರೆ ಬದುಕಿದ್ದಾಗ ಸಿಗದ ಹೊಗಳಿಕೆ ಸತ್ತವನಿಗೆ ಸಿಗುತ್ತದಲ್ಲ! ಮಹಾದೇವಪ್ಪ ಕಿವಿಗೊಟ್ಟು ನಿಂತರು.

“ಇದ್ದೂ ಇಲ್ಲದಂಗ ಇದ್ದಿ ನನ್ನಪ್ಪಾ! ಏನ್ ಹೇಳ್ತಿದ್ದಿ, ಒಂದೂ ತಿಳೀಲಿಲ್ಲಪ್ಪಾ! ಕುಂತಲ್ಲೇ ಕುಂತಿ, ಯಾರ ಕಣ್ಣಿಗೂ ಬೀಳ್ಲಿಲ್ಲಪ್ಪಾ!”

ಹೊಗಳಿಕೆ ಅಷ್ಟಕ್ಕೇ ಮುಗಿಯಿತು. ಮನಸ್ಸು ಮುದುಡಿತು. ತಲೆ ತಗ್ಗಿಸಿ ಒಳಗೆ ಹೋದರು. ಭೀಮಬಾಯಿ ಚೀರಿ, ಮುಟ್ಟಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಬದುಕೀರೇನ್ರಿ, ಅಳಿಯಂದ್ರ?”

“ಹೌದ್ರಿ, ಅತ್ತಿ,” ಎಂದರು ಮಹಾದೇವಪ್ಪ, ತಪ್ಪೊಪ್ಪಿಕೊಂಡವರಂತೆ.

ಭಾಷಣವಾದರೂ ಉಳಿಯಲಿ ಎಂದು ವಾಚನಾಲಯಕ್ಕೆ ಧಾವಿಸಿದರೆ ಕಾರ್ಯದರ್ಶಿ ನಾಗಣ್ಣ ಕೀಲಿ ಹಾಕುತ್ತಿದ್ದ. ಅವರನ್ನು ಕಂಡದ್ದೇ ಕೀಲಿ ಕೈಜಾರಿತು. ಅದನ್ನು ಹೆಕ್ಕಿಕೊಳ್ಳುತ್ತ ಹೇಳಿದ:

“ಭಾಷಣಕ್ಕಂತ ನಾಕು ಮಂದಿ ಬಂದಿದ್ರು. ಸುದ್ದಿ ಕೇಳಿದ ಮ್ಯಾಲ ಇನ್ನೂರು ಮಂದಿ ಕೂಡಿದ್ರು. ಎರಡು ನಿಮಿಷ ಸುಮ್ನ ನಿಂತು ಮನಿಗಿ ಹೋದ್ರು.” ನಾಗಣ್ಣ ಸಂಕೋಚದಿಂದ ಕೈ ಹೊಸೆದ. “ನಿಮ್ಮ ವಿಷಯ ಭಾಳ ಬಿರುಸು ಅಂತ ಅಂಜಿದ್ದೆವ್ರಿ, ಸರ. ಖರೆ ಹೇಳ್ತೀನಿ, ಇವತ್ತ ಎಲ್ಲಾರಿಗೂ ತಿಳೀತ್ರಿ.”