ಮೂರನೇ ಮಹಡಿಯ ಹಿಂದಿನ ರೂಮು

ಎಲ್ಲ ಅನಾಹುತಕ್ಕೂ ಮೂಲ ಒಂದು ಬಿಳಿ ಬಿಲ್ಲೆ. ಇಡ್ಲಿಯನ್ನು ಮಗುಚಿ ಚಾವಣಿಗೆ ಅಂಟಿಸಿದ ಹಾಗಿತ್ತು. ಹೊಗೆ ಕಂಡರೆ ಕೂಗಿಕೊಳ್ಳುವುದು ಅದರ ಕೆಲಸ. ಕೋಲಾರದ ಕೋದಂಡ ಕಾಂಪ್ಲೆಕ್ಸಿನಲ್ಲಿ ಅಂಥವು ಎಂಬತ್ತಾರು ಇದ್ದವು. ಎಂಬತ್ತೈದರ ಬಗ್ಗೆ ಆಂಜಿನಪ್ಪನಿಗೆ ಯಾವ ತಕರಾರೂ ಇರಲಿಲ್ಲ. ಮೂರನೇ ಮಹಡಿಯ ಹಿಂದಿನ ರೂಮಿನಲ್ಲಿದ್ದ ಒಂದು ಮಾತ್ರ ಅವನ ಎದೆಯ ಮೇಲೆ ಕೂತಿತ್ತು.

ಆಂಜಿನಪ್ಪ ಆ ಕಟ್ಟಡದ ಮೇಂಟೆನೆನ್ಸ್ ಆಸಾಮಿ. ನೀರಿನ ಮೋಟಾರು, ಲಿಫ್ಟು, ಎಸಿ, ದೀಪ ಎಲ್ಲ ಹದಿನೇಳು ವರ್ಷದಿಂದ ಅವನ ಕೈಯಲ್ಲೇ ನಡೆದಿದ್ದವು. ಯಾವ ಸ್ವಿಚ್ಚನ್ನು ಒತ್ತಬೇಕು, ಯಾವುದಕ್ಕೆ ಗುದ್ದಬೇಕು ಅನ್ನುವುದು ಅವನೊಬ್ಬನಿಗೇ ಗೊತ್ತಿತ್ತು. ಈಗ ಮಾಲೀಕ ಕೋದಂಡರಾಮಪ್ಪನವರು ಹೊಸ ಯಂತ್ರ ಹಾಕಿಸುತ್ತಿದ್ದರು. ಕೆಳಗಡೆ ಗಾಜಿನ ಕೋಣೆಯಲ್ಲಿ ಒಂದು ಕಂಪ್ಯೂಟರು ಕೂತು ಇಡೀ ಕಟ್ಟಡವನ್ನು ನೋಡಿಕೊಳ್ಳುತ್ತದಂತೆ. ಅದಕ್ಕೆ ಬಿಎಂಎಸ್ ಅಂತ ಹೆಸರು.

ಆಫೀಸುಗಳನ್ನು ಖಾಲಿ ಮಾಡಿಸಿ ಕೆಲಸ ಮಾಡಿದ್ದರೆ ಅದೊಂದು ಮರ್ಯಾದೆ. ಅದನ್ನು ಬಿಟ್ಟು, ಜನ ಕೂತು ಕೆಲಸ ಮಾಡುತ್ತಿರುವಾಗಲೇ ಅವರ ತಲೆಯ ಮೇಲಿನ ಚಾವಣಿ ಬಿಚ್ಚಿದರು. ಊಟಕ್ಕೆ ಕೂತವನ ಎಲೆ ಎಳೆದು ಬೇರೆ ಎಲೆ ಹಾಕಿದ ಹಾಗೆ. ಎರಡನೇ ಮಹಡಿಯಲ್ಲಿ ಸ್ವಿಚ್ಚು ಒತ್ತಿದರೆ ಒಂದನೇ ಮಹಡಿಯಲ್ಲಿ ದೀಪ ಹತ್ತುತ್ತಿತ್ತು. ಕಕ್ಕಸಿನಲ್ಲಿ ಮೂರು ನಿಮಿಷ ಅಲ್ಲಾಡದೆ ಕೂತರೆ, ಒಳಗೆ ಯಾರೂ ಇಲ್ಲವೆಂದು ತಿಳಿದು ಯಂತ್ರ ದೀಪ ಆರಿಸಿಬಿಡುತ್ತಿತ್ತು. ಒಂದನೇ ಮಹಡಿಯ ಆಡಿಟರು ಒಳಗೆ ಕೂತು ಎರಡೂ ಕೈ ಎತ್ತಿ ಬೀಸುವುದನ್ನು ರೂಢಿ ಮಾಡಿಕೊಂಡಿದ್ದರು.

ಇದೆಲ್ಲ ಆಂಜಿನಪ್ಪನಿಗೆ ಒಳಗೊಳಗೇ ಖುಷಿ ಕೊಡಬೇಕಿತ್ತು. ಕೊಡಲಿಲ್ಲ. ಅವನು ಒಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೆವರುತ್ತಿದ್ದ.

ಮೂರನೇ ಮಹಡಿಯ ಹಿಂದಿನ ರೂಮು ಎರಡು ವರ್ಷದಿಂದ ಖಾಲಿ. ಎಸಿ ಮಾತ್ರ ಓಡುತ್ತಿತ್ತು, ನಿಲ್ಲಿಸಿದರೆ ಪಕ್ಕದ ಆಫೀಸಿನದೂ ನಿಲ್ಲುತ್ತಿತ್ತು. ಆಚೆ ಕ್ಯಾಲನೂರಿನಲ್ಲಿ ಆಂಜಿನಪ್ಪನ ರೇಷ್ಮೆ ಹುಳುಮನೆ ಏಪ್ರಿಲ್ ಬಿಸಿಲಿಗೆ ಕಾದ ಹೆಂಚಾಗಿತ್ತು. ಹೋದ ಬೆಳೆ ಪೂರ್ತಿ ಸತ್ತು ಗುಂಡಿಗೆ ಹೋಗಿತ್ತು. ಹೆಂಡತಿ ಚಿಕ್ಕಗಂಗಮ್ಮ ಒಂದು ಬೆಳಿಗ್ಗೆ ಮುದ್ದೆ ಇಕ್ಕುತ್ತಾ ಹೇಳಿದಳು.

"ನಿಮ್ಮ ಆಫೀಸ್ನಾಗೆ ಯಾರೂ ಇಲ್ದಿರೋ ರೂಮಿಗೆ ಎಸಿ ಓಡ್ತದೆ ಅಂತೀರ. ನಮ್ಮ ಹುಳ ಏನು ಪಾಪ ಮಾಡಿದ್ವು?"

ಆಂಜಿನಪ್ಪ ಇರುವೆಯಷ್ಟಿದ್ದ ಮರಿಹುಳುಗಳನ್ನು ಟಿಫನ್ ಕ್ಯಾರಿಯರಿನಲ್ಲಿ ತಂದ. ಒಂದು ವಾರಕ್ಕೆ ಅವು ಹನ್ನೆರಡು ತಟ್ಟೆ ತುಂಬಿದವು. ಹಳೆಯ ಫೈಲು ಇಡುವ ಕಬ್ಬಿಣದ ಸ್ಟ್ಯಾಂಡಿಗೆ ತಟ್ಟೆ ಜೋಡಿಸಿ, ಮೇಲೆ ಒದ್ದೆ ಗೋಣಿತಾಟು ಹೊದಿಸಿದ್ದ. ಸೊಪ್ಪು ಕಸದ ಚೀಲದಲ್ಲಿ ಬರುತ್ತಿತ್ತು. ಕಸ ಒಳಗೆ ಬರುವುದನ್ನು ಯಾರೂ ಕೇಳಲಿಲ್ಲ, ಅಂಥ ಕಟ್ಟಡ ಅದು.

ಮಾಲೀಕರಿಗೆ ತಿಳಿದರೆ ಕತೆ ಮುಗಿಯಿತು. ಹಿಂದಿನ ವಾಚ್‌ಮನ್ ಟೆರೇಸಿನಲ್ಲಿ ಮೆಣಸಿನಕಾಯಿ ಒಣಗಿಸಿದನೆಂದು ಕೋದಂಡರಾಮಪ್ಪನವರು ಅದೇ ಮಧ್ಯಾಹ್ನ ಅವನನ್ನು ಮೆಣಸಿನಕಾಯಿ ಸಮೇತ ಮನೆಗೆ ಕಳಿಸಿದ್ದರು.

ಆ ಶುಕ್ರವಾರ ಬೆಳಿಗ್ಗೆ ಬಿಎಂಎಸ್ ಇಂಜಿನಿಯರು ಮೌನಿಕಾ ಕೈಯಲ್ಲಿ ಸೊಳ್ಳೆ ಔಷಧಿಯಂಥ ಡಬ್ಬಿ ಹಿಡಿದು ಬಂದಳು. ಮುಳಬಾಗಿಲ ಕಡೆಯ ಹುಡುಗಿ, ಮಾತು ಕನ್ನಡ, ರಾಗ ತೆಲುಗು.

"ಆಂಜಿನಪ್ಪ ಅವ್ರೇ, ಇವತ್ತು ಲಾಸ್ಟ್ ಟೆಸ್ಟ್ ಅಂಡಿ. ಒಂದೊಂದು ರೂಮಲ್ಲೂ ಹೊಗೆ ಬಿಟ್ಟು ನೋಡ್ತೀವಿ. ಹನ್ನೊಂದಕ್ಕೆ ಓನರ್ ಬರ್ತಾರೆ, ಅವರ ಮುಂದೆ ಸ್ಟಾರ್ಟ್ ಮಾಡೋದು."

"ಎಲ್ಲಾ ರೂಮಿಗೂ ಹೊಗೆನಾ?"

"ಒಂದೂ ಬಿಡಂಗಿಲ್ಲ."

ಹೊಗೆ ಬಡಿದರೆ ಹುಳು ಉಳಿಯುವುದಿಲ್ಲ. ಬೇರೆ ಕಡೆ ಸಾಗಿಸೋಣವೆಂದರೆ ಅವು ಹಿಂದಿನ ರಾತ್ರಿ ಎರಡನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮೊದಲು ಹುಳು ಮೇವು ಬಿಟ್ಟು ತಲೆ ಎತ್ತಿ ನಿದ್ದೆ ಹೋಗುತ್ತದೆ, ಅದಕ್ಕೇ ಜ್ವರ ಅನ್ನುವುದು. ಆ ಹೊತ್ತಲ್ಲಿ ತಟ್ಟೆ ಅಲುಗಿಸಿದರೂ ಬೆಳೆ ಕೆಟ್ಟಿತು. ಹೊಗೆ ಬಂದರೆ ಹುಳು ಹೋಗುತ್ತದೆ, ಬಾಗಿಲು ತೆರೆದರೆ ಕೆಲಸ ಹೋಗುತ್ತದೆ.

"ಹಿಂದಿನ ರೂಮಿನ ಬೀಗದ ಕೈ ಕಳೆದುಹೋಗಿದೆ, ಮೇಡಂ."

ಕಸ ಗುಡಿಸುತ್ತಿದ್ದ ಶ್ಯಾಮಲಮ್ಮ ತಲೆ ಎತ್ತಿದಳು. ಊರಿನವರ ಕೆಲಸವೆಲ್ಲ ತನ್ನದೇ ಎಂದು ತಿಳಿದ ಹೆಂಗಸು. "ನಿನ್ನ ಸೊಂಟದಾಗೇ ನೇತಾಡ್ತಾ ಇದೆಯಲ್ಲಣ್ಣ. ವಯಸ್ಸಾಯ್ತು, ಪಾಪ."

ಮೌನಿಕಾ ಕೈ ಚಾಚಿದಳು. ಆಂಜಿನಪ್ಪನಿಗೆ ಬುದ್ಧಿ ಓಡಲಿಲ್ಲ. ಬಾಯಿ ಓಡಿತು.

"ಬೇಡ ಮೇಡಂ. ಒಳಗೆ ಹಾವಿದೆ."

ಮೌನಿಕಾಳ ಕೈ ಹಿಂದೆ ಹೋಯಿತು. "ಪಾಮಾ? ಯಾವ ಹಾವು?"

"ನಾಗರ." ಕೇರೆ ಅಂದಿದ್ದರೆ ಸಾಕಾಗಿತ್ತು. ಸುಳ್ಳು ಹೇಳುವವನಿಗೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ತಿಳಿಯುವುದಿಲ್ಲ.

ಶ್ಯಾಮಲಮ್ಮ ಪೊರಕೆ ಬಿಟ್ಟು ಮೆಟ್ಟಿಲಿಳಿದಳು. ಎರಡನೇ ಮಹಡಿಗೆ ಬರುವಾಗ ಹಾವು ಆರಡಿಯಾಗಿತ್ತು. ಒಂದನೇ ಮಹಡಿಯಲ್ಲಿ ಜೋಡಿಯಾಯಿತು. ಕೆಳಗಿನ ಟೀ ಅಂಗಡಿಗೆ ತಲುಪುವಾಗ ಅದು ಹೆಡೆ ಎತ್ತಿ ಆಂಜಿನಪ್ಪನ ಲುಂಗಿ ಹಿಡಿದಿತ್ತು, ಅವನು ಉಟ್ಟಿದ್ದು ಪ್ಯಾಂಟಾದರೂ. ಮೌನಿಕಾ ತನ್ನ ಯಂತ್ರದ ಕೆಂಪು ಗುಂಡಿ ಒತ್ತಿದಳು. ಕಟ್ಟಡ ಹೆಣ್ಣು ದನಿಯಲ್ಲಿ ಇಂಗ್ಲಿಷಿನಲ್ಲಿ ಕಿರುಚಿತು. ಬಾಗಿಲುಗಳೆಲ್ಲ ತಾವಾಗಿ ತೆರೆದುಕೊಂಡವು. ಇನ್ನೂರು ಜನ ಉರಿಬಿಸಿಲಿನ ರಸ್ತೆಗೆ ಬಂದು ನಿಂತರು.

ಹಿಂದಿನ ರೂಮಿಗೆ ಹಳೇ ಬೀಗವಿದ್ದದ್ದರಿಂದ ಅದೊಂದು ಮುಚ್ಚಿಕೊಂಡೇ ಇತ್ತು. ಆಂಜಿನಪ್ಪ ಬಾಗಿಲಿಗೆ ಬೆನ್ನು ಕೊಟ್ಟು, ಇದ್ದಬದ್ದ ದೇವರಿಗೆಲ್ಲ ಕೈ ಮುಗಿದ. ಆದರೆ ಜನ ಸುಮ್ಮನಿರಬೇಕಲ್ಲ.

"ಅರೆ ಆಂಜಿನಪ್ಪ, ಭಯ ಬೇಡ ಜೀ," ಎನ್ನುತ್ತ ಟೀ ಅಂಗಡಿಯ ಲಿಯಾಖತ್ ಏದುಸಿರು ಬಿಡುತ್ತ ಮೇಲೆ ಬಂದ. "ನಮ್ಮ ಅಕ್ಕನ ಮಗ ಶಾರುಖ್ ಹಾವು ಹಿಡೀತಾನೆ. ಫೋನ್ ಮಾಡಿದೀನಿ. ಇಲ್ಲೇ ಕ್ಲಾಕ್ ಟವರ್ ಹತ್ರ ಇದ್ದ, ಬಂದೇಬಿಟ್ಟ."

"ನಿನ್ನನ್ನ ಯಾರು ಕೇಳಿದ್ರೋ?"

"ಕೇಳಬೇಕಾ? ನೀನು ನನ್ನ ಅಂಗಡೀಲಿ ಹದಿನೇಳು ವರ್ಷ ಟೀ ಕುಡಿದಿದೀಯ."

ಶಾರುಖ್ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಕಬ್ಬಿಣದ ಕೊಕ್ಕೆ, ಹೆಗಲಲ್ಲಿ ಬಾಯಿ ಕಟ್ಟಿದ ಬಟ್ಟೆ ಚೀಲ. ಅವನ ಬೆನ್ನ ಹಿಂದೆಯೇ ಮಾಲೀಕರು. ಶ್ರೀನಿವಾಸಪುರದ ತೋಟದಿಂದ ನೇರ ಬಂದಿದ್ದ ಕೋದಂಡರಾಮಪ್ಪನವರ ಮುಖ ಒಡೆದ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

"ನನ್ನ ಬಿಲ್ಡಿಂಗಲ್ಲಿ ಹಾವಾ? ತೆಗೀಲಾ ಬಾಗಿಲು, ನಾನೂ ನೋಡ್ತೀನಿ."

ಆಂಜಿನಪ್ಪ ಬಾಗಿಲಿಗೆ ಅಡ್ಡ ಕೈ ಚಾಚಿದ. "ಬುದ್ಧಿ, ನೀವು ಬೇಡಿ. ರೊಚ್ಚಿಗೆದ್ದಿದೆ. ಈ ಹುಡುಗ ಒಬ್ಬನೇ ಹೋಗಲಿ. ಅವನಿಗೆ ಒಂದು ಮಾತು ಹೇಳ್ತೀನಿ, ಎಲ್ಲಿದೆ ಅಂತ."

ಶಾರುಖ್‌ನ ತೋಳು ಹಿಡಿದು ಮೂಲೆಗೆ ಎಳೆದೊಯ್ದ. ದನಿ ಅವನಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ತಮ್ಮಾ, ಒಳಗೆ ಹಾವಿಲ್ಲ. ರೇಷ್ಮೆ ಹುಳ ಇದಾವೆ. ನನ್ನ ಕೆಲಸ, ನನ್ನ ಬೆಳೆ ಎರಡೂ ನಿನ್ನ ಕೈಲಿದೆ. ಐದು ನಿಮಿಷ ಒಳಗಿದ್ದು ಏನಾದ್ರೂ ತೋರಿಸಿ ಹೋಗಿಬಿಡು."

ಶಾರುಖ್ ಅವನ ಮುಖ ನೋಡಿದ. ಅಯ್ಯೋ ಅನ್ನಿಸಿರಬೇಕು. "ಏನಾದ್ರೂ ಯಾಕಣ್ಣ? ಬೆಳಿಗ್ಗೆ ವೇಮಗಲ್ ಹತ್ರ ಒಂದು ನಾಗರ ಹಿಡಿದೆ, ಅಂತರಗಂಗೆ ಬೆಟ್ಟಕ್ಕೆ ಬಿಡೋಣ ಅಂತ ಹೊರಟಿದ್ದೆ. ಇದೇ ಚೀಲದಾಗಿದೆ. ಒಳಗೆ ಹೋಗಿ, ಕೈಲಿ ಹಿಡ್ಕೊಂಡು ಆಚೆ ಬರ್ತೀನಿ. ಮುಗೀತು."

ಆಂಜಿನಪ್ಪನಿಗೆ ಅವನ ಕಾಲು ಹಿಡಿಯಬೇಕೆನಿಸಿತು. "ಇನ್ನೊಂದು ಮಾತು. ಮೂರು ದಿನ ರೂಮಿಗೆ ಯಾರೂ ಹೋಗಬಾರದು, ಹೊಗೆ ಹಾಕಬಾರದು ಅಂತಾನೂ ಹೇಳು."

ಬೀಗ ತೆಗೆದು, ಶಾರುಖ್‌ನನ್ನು ಒಳಗೆ ತಳ್ಳಿ, ಬಾಗಿಲೆಳೆದು ಆಂಜಿನಪ್ಪ ಹಿಡಿ ಹಿಡಿದು ನಿಂತ. ಐದು ನಿಮಿಷವಾಯಿತು. ಒಳಗೆ ಏನೋ ದಡಾರೆಂದಿತು. ಹತ್ತು ನಿಮಿಷ. ಕಬ್ಬಿಣ ಕಿರುಗುಟ್ಟಿತು. ಶ್ಯಾಮಲಮ್ಮ ಎಲ್ಲಿಂದಲೋ ಒಂದು ಲೋಟ ಹಾಲು ತಂದು ಬಾಗಿಲ ಮುಂದಿಟ್ಟು ಕೈ ಮುಗಿದಳು.

"ಏನು ನಾಟಕ ಆಡ್ತಿದಾನೋ ಒಳಗೆ," ಎಂದು ಮಾಲೀಕರು ಗುಡುಗಿದರು. ಹುಡುಗ ನಾಟಕದಲ್ಲಿ ನಿಸ್ಸೀಮನೆಂದು ಆಂಜಿನಪ್ಪ ಮನಸ್ಸಿನಲ್ಲೇ ಮೆಚ್ಚಿಕೊಂಡ.

ಕಾಲು ಗಂಟೆಯ ಮೇಲೆ ಶಾರುಖ್ ಹೊರಬಂದ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕೈಯಲ್ಲಿ ಹಾವು ಹಿಡಿದಿರಲಿಲ್ಲ. ಬಾಯಿ ಬಿಗಿದ ಚೀಲವನ್ನು ತಲೆಯ ಮೇಲಕ್ಕೆ ಎತ್ತಿ ತೋರಿಸಿದ. ಚೀಲ ಉಬ್ಬಿತ್ತು.

"ಬಿಚ್ಚೋ, ನೋಡೋಣ," ಎಂದರು ಮಾಲೀಕರು.

"ಬೇಡಿ ಸಾರ್. ಬಹಳ ಕೋಪದಾಗಿದೆ. ಮೂರು ದಿನ ಆ ರೂಮಿಗೆ ಯಾರೂ ಹೋಗಬೇಡಿ."

ಕೋದಂಡರಾಮಪ್ಪನವರು ಎರಡು ಹೆಜ್ಜೆ ಹಿಂದೆ ಸರಿದು, ಆಂಜಿನಪ್ಪನ ಬೆನ್ನು ತಟ್ಟಿದರು. ಹದಿನೇಳು ವರ್ಷದಲ್ಲಿ ಮೊದಲ ಸಲ. ಆಂಜಿನಪ್ಪ ಬೀಗ ಜಡಿದು ಎಲ್ಲರ ಜೊತೆ ರಸ್ತೆಗಿಳಿದ. ಅಲ್ಲಿ ಜನ ಚಪ್ಪಾಳೆ ಹೊಡೆದರು. ಎರಡನೇ ಮಹಡಿಯ ಇನ್ಶೂರೆನ್ಸ್ ಆಫೀಸಿನ ಚಂದನ ಶಾರುಖ್‌ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು, ಚೀಲದಿಂದ ಒಂದು ಮಾರು ದೂರದಲ್ಲಿ. ಅವಳ ಹಿಂದೆ ಇನ್ನೂ ಮೂವತ್ತು ಜನ ಸಾಲು ನಿಂತರು. ಶಾರುಖ್ ಜನರ ತಲೆಗಳ ನಡುವಿನಿಂದ ಆಂಜಿನಪ್ಪನಿಗೆ ಕಣ್ಣಲ್ಲೇ ಏನೋ ಹೇಳುತ್ತಿದ್ದ. ಬಿರಿಯಾನಿ ಕೊಡಿಸು ಅನ್ನುತ್ತಿದ್ದಾನೆಂದುಕೊಂಡು ಆಂಜಿನಪ್ಪ, ಆಗಲಿ ಆಗಲಿ ಎಂದು ತಲೆಯಾಡಿಸಿದ.

ಗಾಜಿನ ಕೋಣೆಯಲ್ಲಿ ಮೌನಿಕಾ ಯಂತ್ರದ ಮುಂದೆ ಕೂತಳು. "ಆ ಒಂದು ರೂಮಿನ ಟೆಸ್ಟ್ ಸೋಮವಾರ ಮಾಡ್ತೀನಿ ಸಾರ್. ಮಿಕ್ಕಿದ್ದೆಲ್ಲ ಸ್ಟಾರ್ಟ್ ಮಾಡೋಣ. ಮೊದಲು ಒಂದೊಂದು ಮಹಡಿಯ ಎಸಿ ಕೊಳವೆನೂ ಬೇರೆ ಬೇರೆ ಇತ್ತಲ್ಲ, ನಡುವೆ ತಗಡು ಮುಚ್ಚಿ? ಈಗ ಆ ತಗಡೆಲ್ಲ ಮೋಟಾರಿಂದ ತೆಗೆಯುತ್ತೆ. ಮೂರನೇ ಮಹಡಿ ಹಿಂದಿನ ರೂಮಿಂದ ಹಿಡಿದು ಕೆಳಗಿನ ತನಕ ಒಂದೇ ದಾರಿ."

ಗುಂಡಿ ಒತ್ತಿದಳು. ಕಟ್ಟಡದ ಹೊಟ್ಟೆಯೊಳಗೆ ಠಣ್ ಠಣ್ ಎಂದು ತಗಡುಗಳು ತೆರೆದುಕೊಂಡವು. ಪರದೆಯ ಮೇಲೆ ಚೌಕಗಳು ಒಂದೊಂದಾಗಿ ಹಸಿರಾದವು. ರಸ್ತೆಯಲ್ಲಿ ಬೆಂದಿದ್ದ ಜನ ತಣ್ಣನೆಯ ಗಾಳಿಗೆ ಮುಖವೊಡ್ಡಿ ತಮ್ಮ ತಮ್ಮ ಕುರ್ಚಿಗೆ ಹೋದರು.

ಕೋದಂಡರಾಮಪ್ಪನವರು ಒಂದು ಕಾಗದ ಮುಂದಿಟ್ಟರು. "ಸೈನ್ ಹಾಕು ಆಂಜಿನಪ್ಪ. ಎಲ್ಲ ರೂಮೂ ನೀನೇ ನೋಡಿದೀಯ, ಜನಕ್ಕೆ ಯಾವ ಅಪಾಯಾನೂ ಇಲ್ಲ ಅಂತ. ಇವತ್ತು ನಿನ್ನ ನೋಡಿದ ಮೇಲೆ ಬೇರೆಯವರ ಸೈನ್ ನಂಗೆ ಬೇಡ. ಇನ್ಮೇಲೆ ಯಂತ್ರ ಕೆಲಸ ಮಾಡುತ್ತೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹೊಣೆ ನಿಂದು."

ಆಂಜಿನಪ್ಪ ಸಂತೋಷದಲ್ಲಿ ದೊಡ್ಡದಾಗಿ ಸಹಿ ಹಾಕಿದ. ಮಾಲೀಕರು ಕಾಗದ ಮಡಿಸಿ ಜೇಬಿಗಿಟ್ಟು ಕಾರು ಹತ್ತಿದರು.

ಫೋಟೋದವರಿಂದ ಬಿಡಿಸಿಕೊಂಡ ಶಾರುಖ್ ಆಗ ಬಂದು ಅವನನ್ನು ಮೆಟ್ಟಿಲ ಕೆಳಗೆ ಎಳೆದುಕೊಂಡ.

"ಅಣ್ಣ, ಅಷ್ಟೊತ್ತಿಂದ ಕಣ್ಣು ಹೊಡೀತಾ ಇದೀನಿ, ನೀನು ನಗ್ತೀಯಲ್ಲ."

"ಬಿರಿಯಾನಿ ತಾನೇ? ಬಾ."

"ಬಿರಿಯಾನಿ ಅಲ್ಲ ಕಣಣ್ಣ." ಶಾರುಖ್ ಚೀಲದ ಬಾಯಿ ಸಡಿಲಿಸಿದ. ಒಳಗೆ ಎಲೆಯಿಲ್ಲದ ಹಿಪ್ಪುನೇರಳೆ ಕಡ್ಡಿಗಳಿದ್ದವು, ಮೇಲೊಂದು ಒದ್ದೆ ಗೋಣಿತಾಟಿತ್ತು.

"ಹಾವು?"

"ಚೀಲದಿಂದ ತೆಗೆದೆ. ಕೆಳಗೆ ಬಿದ್ದಿದ್ದ ನಿನ್ನ ಈ ಗೋಣಿತಾಟಿನ ಮೇಲೆ ಕಾಲಿಟ್ಟು ಜಾರಿಬಿಟ್ಟೆ. ಕೈ ಬಿಟ್ಟೋಯ್ತು. ನಿನ್ನ ತಟ್ಟೆ ಸ್ಟ್ಯಾಂಡ್ ಹತ್ತಿ ಸರ್ರಂತ ಮೇಲೆ ಎಸಿ ತೂತಿನೊಳಗೆ ಹೋಯ್ತು. ಕೊಕ್ಕೆ ಹಾಕಿದೆ, ಸಿಗಲಿಲ್ಲ. ಹುಳಕ್ಕೇನೂ ಆಗಿಲ್ಲ, ಒಂದು ತಟ್ಟೆನೂ ಅಲ್ಲಾಡಿಲ್ಲ. ಟಾರ್ಚ್ ಹಾಕಿ ನೋಡಿದೆ, ಮೂರನೇ ಮಹಡಿ ಕೊಳವೆಗೆ ತಗಡು ಮುಚ್ಚಿದೆ, ಅಲ್ಲೇ ಇರುತ್ತೆ, ಸಾಯಂಕಾಲ ಜನ ಹೋದ ಮೇಲೆ ಬಂದು ಹಿಡೀತೀನಿ. ನೀನು ಏನೂ ತೆಗೀಬೇಡ ಅಷ್ಟೆ." ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. "ಮಾಲೂರಲ್ಲಿ ಮಂಡಲದ ಹಾವಂತೆ. ಹೋಗ್ಲೇಬೇಕು," ಎಂದು ಬೈಕು ಹತ್ತಿ ಹೋದ.

ಆಂಜಿನಪ್ಪ ಗೋಡೆ ಹಿಡಿದುಕೊಂಡು ಗಾಜಿನ ಕೋಣೆಗೆ ಬಂದ. ಪರದೆಯ ತುಂಬ ಹಸಿರು. ನಾಲ್ಕೂ ಅಂತಸ್ತಿನಲ್ಲಿ ಇನ್ನೂರು ಜನ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು. ಎಲ್ಲರ ತಲೆಯ ಮೇಲೂ ಒಂದೊಂದು ಜಾಲರಿ, ಜಾಲರಿಗೆಲ್ಲ ಒಂದೇ ದಾರಿ. ಬಾಯಿ ಬಿಟ್ಟರೆ ಹುಳು ಬಯಲಾಗುತ್ತದೆ. ಬಿಡದಿದ್ದರೆ ಮಾಲೀಕರ ಜೇಬಿನಲ್ಲಿ ಅವನ ಸಹಿ ಇದೆ.

ಮೇಜಿನ ಮೇಲಿದ್ದ ಫೋನು ಹೊಡೆದುಕೊಂಡಿತು. ಎರಡನೇ ಮಹಡಿಯಿಂದ ಚಂದನ.

"ಆಂಜಿನಪ್ಪ ಅವ್ರೇ, ನಿಮ್ಮ ಮೌನಿಕಾ ಮೇಡಂ ಕಡೆಯವರು ನನ್ನ ಟೇಬಲ್ ಮೇಲಿನ ಜಾಲರಿಯಿಂದ ಒಂದು ವೈರ್ ಹಾಗೇ ನೇತಾಡೋಕೆ ಬಿಟ್ಟು ಹೋಗಿದಾರೆ. ಎಸಿ ಗಾಳಿಗೆ ಅಲ್ಲಾಡ್ತಾ ಇದೆ, ಕೆಲಸ ಮಾಡೋಕಾಗ್ತಿಲ್ಲ. ನೀವು ಬರ್ತೀರಾ, ಇಲ್ಲ ನಾನೇ ಕುರ್ಚಿ ಹತ್ತಿ ಎಳೆದು ಹಾಕ್ಲಾ?"