ಕಕ್ಕಸಿನ ಗೋಡೆಯ ಮಹನೀಯರು

ಪರದೇಶಕ್ಕೆ ಹೋದವರು ಅಲ್ಲಿಯ ರೀತಿನೀತಿ ತಿಳಿಯದೆ ಎಡವುತ್ತಾರೆ. ನಾನು ಎಡವಿದ್ದು ತಿಳಿದುಕೊಂಡು. ಅಪ್ಪ ಹೆಬ್ಬೆಟ್ಟಿನವರು, ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಹೀಗೆ ಓದಿ ಮೇಲೆ ಬಂದವರಿಗೆ ಒಂದು ಚಾಳಿ ಇರುತ್ತದೆ. ಯಾರು ಯಾವ ನಿಯಮ ಹೇಳಿದರೂ ನಾಳೆ ಪರೀಕ್ಷೆಗೆ ಬರುತ್ತದೆಂಬಂತೆ ಬಾಯಿಪಾಠ ಮಾಡಿಬಿಡುತ್ತೇವೆ.

ತೊಂಬತ್ತೆಂಟರಲ್ಲಿ, ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳು ತಾರೀಖು ಮರೆಯುತ್ತವೆಂದು ಎಲ್ಲರೂ ಹೆದರಿದ್ದಾಗ, ಅವನ್ನು ಸರಿಪಡಿಸಲು ನಾನೂ ಹೆಂಡತಿ ಸುಜಾತಳೂ ಡಚ್ಚರ ನಾಡಿನ ರೈಸ್‌ವೈಕ್‌ ಊರಿಗೆ ಬಂದೆವು. ಆಫೀಸಿನಲ್ಲಿ ನನಗೆ ಕೆಲಸ ಕಲಿಸಿದವರು ವಿಕ್ಟರ್, ರಷ್ಯಾದ ರ‍್ಯಾಜಾನ್ ಪ್ರಾಂತ್ಯದ ಹಿರಿಯರು. ನಾನು ಮಾಡಿದ ತಪ್ಪುಗಳನ್ನು ಮ್ಯಾನೇಜರಿಗೆ ತಿಳಿಯುವ ಮೊದಲೇ ತಿದ್ದಿಡುತ್ತಿದ್ದ ಪುಣ್ಯಾತ್ಮರು. ಮಧ್ಯಾಹ್ನ ಬ್ರೆಡ್ಡಿನ ಮೇಲೆ ಚೀಸ್ ಇಡುತ್ತಾ, ತಮ್ಮ ಪ್ರಾಂತ್ಯದಲ್ಲಿ ಹುಟ್ಟಿದ ಕವಿಗಳು, ವಿಜ್ಞಾನಿಗಳು, ಗಾಯಕರನ್ನೆಲ್ಲ ನಮ್ಮಜ್ಜಿ ಸಹಸ್ರನಾಮ ಹೇಳಿದಂತೆ ಹೇಳುವರು. ನಿಮ್ಮ ಕಡೆ ಯಾರು ಹುಟ್ಟಿದ್ದಾರೆ ಎಂದು ಒಮ್ಮೆ ಕೇಳಿದರು. ಮನಸ್ಸಿನಲ್ಲೇ ನಮ್ಮ ಹೋಬಳಿಯನ್ನು ಎರಡು ಸಲ ಸುತ್ತಿ ಬಂದೆ. ಸಿಕ್ಕವನು ನಾನೊಬ್ಬನೇ. ಸಂಕೋಚವಾಗಿ ಬ್ರೆಡ್ಡು ಕಚ್ಚಿದೆ.

ಊರಿಗೆ ಹೋಗಿ ಬಂದವರು ನನಗೊಂದು ಕ್ಯಾಲೆಂಡರ್ ತಂದುಕೊಟ್ಟರು. ವಾರಗಳಿಲ್ಲ, ಬರೀ ತಾರೀಖು. ತಿಂಗಳಿಗೊಬ್ಬರಂತೆ ರ‍್ಯಾಜಾನಿನ ಹನ್ನೆರಡು ಮಹನೀಯರ ಚಿತ್ರ, ಹುಟ್ಟಿದ ದಿನ. ಹುಟ್ಟುಹಬ್ಬದ ಕ್ಯಾಲೆಂಡರನ್ನು ಎಲ್ಲಿ ತೂಗುಹಾಕಬೇಕೆಂದು ನನಗಾಗಲೇ ಗೊತ್ತಿತ್ತು. ಡಚ್ಚರ ಮನೆಗಳಲ್ಲಿ ಅದು ಇರುವುದು ಕಕ್ಕಸಿನಲ್ಲಿ. ದಿನವೂ ಕೂತು ನೋಡುವುದರಿಂದ ಯಾರ ಹುಟ್ಟುಹಬ್ಬವೂ ಮರೆಯುವುದಿಲ್ಲವೆಂದು ನೆರೆಮನೆಯಾಕೆ ವಿವರಿಸಿದ್ದರು. ನಾನೂ ಅಲ್ಲೇ ಹಾಕಿದೆ.

"ರೀ, ದೊಡ್ಡೋರ ಫೋಟೋನ ಅಲ್ಲಿ ಹಾಕ್ತಾರೇನ್ರೀ?" ಎಂದಳು ಸುಜಾತ. ಇದು ಇಲ್ಲಿಯ ಪದ್ಧತಿ, ನಿನಗೆ ತಿಳಿಯದು ಎಂದು ಹತ್ತು ನಿಮಿಷ ಪಾಠ ಮಾಡಿದೆ.

ಒಂದು ಶುಕ್ರವಾರ ವಿಕ್ಟರ್, ಭಾನುವಾರ ದೋಸೆಗೆ ಬರುವುದಾಗಿ ಹೇಳಿದರು. ತಮ್ಮ ಮನೆಯಲ್ಲಿ ಅದೇ ಕ್ಯಾಲೆಂಡರ್ ಊಟದ ಮೇಜಿನ ಮೇಲ್ಗಡೆ, ಕಸೂತಿ ಬಟ್ಟೆಯ ನಡುವೆ ಇದೆಯಂತೆ. ನನ್ನ ಮನೆಯಲ್ಲಿ ಅವರ ಜನ ಎಲ್ಲಿದ್ದಾರೆಂದು ನೋಡುವ ಆಸೆಯಂತೆ. ನನ್ನ ಕೈಲಿದ್ದ ಕಾಫಿ ತಣ್ಣಗಾಯಿತು. ಗುರುವಿಗೆ ಇದಕ್ಕಿಂತ ದೊಡ್ಡ ಅವಮಾನ ಮಾಡಿದ ಶಿಷ್ಯ ಪುರಾಣದಲ್ಲೂ ಇರಲಾರ.

ಮಹನೀಯರನ್ನು ಹಾಲಿಗೆ ತರುವುದೇನೋ ಸರಿ, ಆದರೆ ಬಾಡಿಗೆ ಮನೆ. ಹೊಸ ಮೊಳೆ ಹೊಡೆಯುವಂತಿಲ್ಲ. ಹಾಲಿನಲ್ಲಿದ್ದ ಒಂದೇ ಮೊಳೆಯಲ್ಲಿ, ಕರಿ ಗೌನು ತೊಟ್ಟು ಪದವಿಪತ್ರ ಹಿಡಿದ ನನ್ನ ಘಟಿಕೋತ್ಸವದ ಫೋಟೋ ಇತ್ತು. ಭಾನುವಾರ, ಹೇಗಾದರೂ ಹೊಂದಿಸೆಂದು ಸುಜಾತಳಿಗೆ ಹೇಳಿ, ವಿಕ್ಟರನ್ನು ಕರೆತರಲು ಟ್ರಾಮ್ ನಿಲ್ದಾಣಕ್ಕೆ ಓಡಿದೆ.

ಹಾಲಿಗೆ ಬಂದ ವಿಕ್ಟರ್ ಕ್ಯಾಲೆಂಡರ್ ಕಂಡು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು. ಐದು ದೋಸೆ ತಿಂದರು. ಆಮೇಲೆ ಕಕ್ಕಸಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದು ನನ್ನ ಭುಜ ತಟ್ಟಿ, ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದರು:

"ಇಷ್ಟು ವಿನಯ ನಮ್ಮ ಹನ್ನೆರಡು ಜನರಲ್ಲಿ ಒಬ್ಬರಿಗೂ ಇರಲಿಲ್ಲ."

ನಾನು ಸುಜಾತಳತ್ತ ನೋಡಿದೆ. ಅವಳು ಚಟ್ನಿ ಬಡಿಸುತ್ತಾ, "ಅಲ್ಲಿ ಮೊಳೆ ಖಾಲಿ ಇತ್ತಲ್ರೀ" ಎಂದಳು.

ವಿಕ್ಟರ್ ಈಗ ಪ್ರತಿ ಭಾನುವಾರ ದೋಸೆಗೆ ಬರುತ್ತಾರೆ. ಆದ್ದರಿಂದ ಹಾಲಿನ ಮೊಳೆ ತೆರವಾಗುವ ಲಕ್ಷಣವಿಲ್ಲ. ದಿನಾ ಬೆಳಿಗ್ಗೆ ಗೌನು ತೊಟ್ಟ ಆ ಪದವೀಧರನ ಎದುರು ಕೂರುತ್ತೇನೆ. ಅವನೋ, ನನ್ನ ಪರಿಚಯವೇ ಇಲ್ಲದವನಂತೆ ಎಲ್ಲೋ ದೂರ ನೋಡುತ್ತಿರುತ್ತಾನೆ.